ಸಿ ಭಾಷೆಯ ಟೈಮರ್ ಕೋಡ್‌ನಲ್ಲಿ ಸಮಯದ ಲೆಕ್ಕ ತಪ್ಪಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪ್‌ಸೆಟ್‌ಗಳಿಗೂ ಫೌಂಡ್ರಿಯ ಕುಲುಮೆಗಳಿಗೂ ಟೈಮರ್ ಬೋರ್ಡ್ ತಯಾರಿಸುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರುವ ಹುಡುಗರು, ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಗಲಕೋಟೆ ಮತ್ತು ವಿಜಯಪುರದ ಕಡೆ ಈ ಬೋರ್ಡ್‌ಗಳನ್ನು ದುರಸ್ತಿ ಮಾಡುವ ಮೆಕ್ಯಾನಿಕ್‌ಗಳು ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಓದಲು ಅನುಕೂಲವಾಗಲೆಂದು ಕೋಡ್‌ನೊಳಗಿನ ಹೆಸರುಗಳನ್ನು ಕನ್ನಡದಲ್ಲಿಯೇ ಕೊಟ್ಟಿದ್ದೇನೆ.

ಪ್ರಶ್ನೆ: ಪ್ರೋಗ್ರಾಂನಲ್ಲಿ ಸಮಯ ಎಲ್ಲೋ ತಪ್ಪುತ್ತಿದೆ. ಎಲ್ಲಿಂದ ಹುಡುಕಬೇಕು?

ಕೋಡ್ ತೆರೆಯುವ ಮೊದಲು ನಿಮಗೆ ಬೇಕಾಗಿರುವುದು ಗಂಟೆಯೋ ತಾಸೋ ಎಂಬುದನ್ನು ನಿರ್ಧರಿಸಿಕೊಳ್ಳಿ. ನಮ್ಮ ಕಡೆಯ ಮಾತಿನಲ್ಲಿ ಈ ಭೇದ ಬಹುಮಟ್ಟಿಗೆ ಉಳಿದುಕೊಂಡಿದೆ: "ಎಷ್ಟ ಗಂಟೆಕ್ಕ ಬಂದಿ" ಎಂದು ಕೇಳಿದರೆ ಗಡಿಯಾರ ನೋಡಿ ಹೇಳಬೇಕು, "ಎಷ್ಟ ತಾಸ ಕುಂತಿದ್ದಿ" ಎಂದು ಕೇಳಿದರೆ ಕಳೆದ ಅವಧಿಯನ್ನು ಹೇಳಬೇಕು. ಬೆಳಿಗ್ಗೆ 6 ಗಂಟೆಗೆ ಮೋಟರ್ ಶುರುವಾಗಬೇಕು ಎಂಬುದು ಗಂಟೆಯ ಲೆಕ್ಕ. ಶುರುವಾದ ಮೇಲೆ ಎರಡು ತಾಸು ಓಡಬೇಕು ಎಂಬುದು ತಾಸಿನ ಲೆಕ್ಕ. ಯಾರಾದರೂ ಗಡಿಯಾರವನ್ನು ಸರಿಪಡಿಸಿದರೆ ಗಂಟೆ ಹಿಂದೆ ಮುಂದೆ ಜಿಗಿಯುತ್ತದೆ, ತಾಸು ಜಿಗಿಯಬಾರದು. ನನ್ನ ಮೇಜಿಗೆ ಬಂದ ತಪ್ಪುಗಳಲ್ಲಿ ಹೆಚ್ಚಿನವು ಒಂದೋ ಈ ಎರಡನ್ನು ಬೆರೆಸಿದ್ದರಿಂದ ಆಗಿದ್ದವು, ಇಲ್ಲವೇ ತಾಸಿನ ಲೆಕ್ಕವನ್ನು ಅದಕ್ಕೆ ಸಾಲದ ಚಿಕ್ಕ ವೇರಿಯಬಲ್‌ನಲ್ಲಿ ತುರುಕಿದ್ದರಿಂದ ಆಗಿದ್ದವು.

ಪ್ರಶ್ನೆ: 30 ನಿಮಿಷಕ್ಕೆ ಹೊಂದಿಸಿದ ಮೋಟರ್ ಅರ್ಧ ನಿಮಿಷದಲ್ಲಿಯೇ ನಿಲ್ಲುತ್ತದೆ. ರಿಲೇ ಕೆಟ್ಟಿದೆಯೇ?

ರಿಲೇ ಬದಲಿಸಬೇಡಿ. ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟದಿಂದ ನನಗೂ ಇದೇ ದೂರು ಬಂದಿತ್ತು. "ಸಾಹೇಬ್ರ, ಹನಿ ಪೈಪಿನ್ಯಾಗ ನೀರ ತುಂಬೂದ್ರಾಗ ಮೋಟರ್ ನಿಂದರತೈತಿ" ಎಂದು ರೈತರು ಫೋನ್ ಮಾಡಿದ್ದರು. ನಾನು ಮೊದಲು ಕಾಂಟ್ಯಾಕ್ಟರ್ ಬದಲಿಸಿದೆ, ನಂತರ ಓವರ್‌ಲೋಡ್ ರಿಲೇ ಬದಲಿಸಿದೆ, ಎರಡು ದಿನ ಕಳೆದ ಮೇಲೆ ಕೈಗಡಿಯಾರ ಹಿಡಿದು ಕುಳಿತೆ. ಪ್ರತಿ ಸಲವೂ ಮೂವತ್ತೂವರೆ ಸೆಕೆಂಡ್. ಹಾರ್ಡ್‌ವೇರ್ ದೋಷ ಇಷ್ಟು ಶಿಸ್ತಿನಿಂದ ಬರುವುದಿಲ್ಲ.

ಕೋಡ್‌ನಲ್ಲಿ ಅವಧಿಯನ್ನು 30 * 60 * 1000 ಎಂದು ಬರೆಯಲಾಗಿತ್ತು. ಆರ್ಡುಯಿನೊ ಊನೊ ಆರ್3 ಬೋರ್ಡ್‌ನಲ್ಲಿರುವಂತಹ 8 ಬಿಟ್ ಎವಿಆರ್ ಚಿಪ್‌ಗಳಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಸಾಮಾನ್ಯ ವೇರಿಯಬಲ್, 16 ಬಿಟ್ ಮಾತ್ರ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಮೂರೂ ಸಂಖ್ಯೆಗಳು ಇಂಟ್ ಆಗಿರುವುದರಿಂದ ಗುಣಾಕಾರವೂ ಇಂಟ್‌ನಲ್ಲಿಯೇ ನಡೆಯುತ್ತದೆ, ಉತ್ತರವನ್ನು ಎಷ್ಟೇ ದೊಡ್ಡ ವೇರಿಯಬಲ್‌ನಲ್ಲಿ ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿಗೆ ತಲುಪುವ ಮೊದಲೇ ಮೇಲಿನ ಬಿಟ್‌ಗಳು ಬಿದ್ದುಹೋಗಿರುತ್ತವೆ. 18,00,000ದಿಂದ 65536ರ 27 ಪಟ್ಟನ್ನು ಕಳೆದರೆ ಉಳಿಯುವುದು 30528. ಅದೇ ಆ ಮೂವತ್ತೂವರೆ ಸೆಕೆಂಡ್.

ಇದರ ಅಣ್ಣನಂತಹ ಇನ್ನೊಂದು ತಪ್ಪು ಹೆಚ್ಚು ಅಪಾಯಕಾರಿ. ಒಂದು ನಿಮಿಷಕ್ಕೆಂದು 60 * 1000 ಬರೆದರೆ 16 ಬಿಟ್‌ನಲ್ಲಿ ಬರುವುದು ಮೈನಸ್ 5536. ಅದನ್ನು ಅನ್‌ಸೈನ್ಡ್ ಲಾಂಗ್‌ಗೆ (ಋಣ ಸಂಖ್ಯೆ ಹಿಡಿಯದ 32 ಬಿಟ್ ವೇರಿಯಬಲ್) ಹಾಕಿದಾಗ 4294961760 ಆಗುತ್ತದೆ, ಅಂದರೆ ಒಂದು ನಿಮಿಷಕ್ಕೆ ನಿಲ್ಲಬೇಕಾದ ಮೋಟರ್ ಸುಮಾರು 49 ದಿನಗಳವರೆಗೆ ನಿಲ್ಲುವುದಿಲ್ಲ. ಬೋರ್‌ವೆಲ್ ಬತ್ತಿದ್ದರೆ ಮೋಟರ್ ಸುಟ್ಟುಹೋಗಲು ಇಷ್ಟು ಸಾಕು. ಮೇಜಿನ ಮೇಲೆ ಪರೀಕ್ಷಿಸುವಾಗ ನಾವು 10 ಅಥವಾ 30 ಸೆಕೆಂಡ್‌ಗೆ ಹೊಂದಿಸುತ್ತೇವೆ. 30 * 1000 ಎಂಬುದು 32767ರ ಒಳಗೇ ಇರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ.

ಪರಿಹಾರ ಎರಡು ಅಕ್ಷರದ್ದು: ಮೊದಲ ಸಂಖ್ಯೆಗೇ ಅನ್‌ಸೈನ್ಡ್ ಲಾಂಗ್ ಎಂದು ಸೂಚಿಸುವ ಯುಎಲ್ ಎಂಬ ಬಾಲ ಸೇರಿಸಿ, 30ಯುಎಲ್ * 60 * 1000 ಎಂದು ಬರೆಯಿರಿ. ಬಾಲವನ್ನು ಕೊನೆಯ ಸಂಖ್ಯೆಗೆ ಸೇರಿಸುವವರೂ ಇದ್ದಾರೆ. ಗುಣಾಕಾರ ಎಡದಿಂದ ನಡೆಯುವುದರಿಂದ 1000 * 60 * 30ಯುಎಲ್ ಎಂದಾಗ ಮೊದಲ ಗುಣಾಕಾರವೇ ಕೆಟ್ಟಿರುತ್ತದೆ. ಹಳೆಯ ಆರ್ಡುಯಿನೊ ಐಡಿಇಯಲ್ಲಿ (ಕೋಡ್ ಬರೆಯುವ ತಂತ್ರಾಂಶ) ಕಂಪೈಲರ್‌ನ ಎಚ್ಚರಿಕೆಗಳನ್ನು ಮೊದಲಿನಿಂದಲೇ ಮುಚ್ಚಿಡಲಾಗಿರುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ಅವುಗಳನ್ನು ತೆರೆದರೆ ಈ ಸಾಲನ್ನು ಕಂಪೈಲರ್ ತಾನೇ ತೋರಿಸಿಕೊಡುತ್ತದೆ.

ಪ್ರಶ್ನೆ: ನಾನು ಲಿನಕ್ಸ್‌ನಲ್ಲಿ ಬರೆಯುತ್ತೇನೆ, ಅಲ್ಲಿ ಇಂಟ್ 32 ಬಿಟ್. ನನಗೆ ಈ ತೊಂದರೆ ಇಲ್ಲವಲ್ಲ?

ಇದೆ, ಸ್ವಲ್ಪ ದೂರದಲ್ಲಿದೆ. ಸೆಕೆಂಡನ್ನು ನ್ಯಾನೊಸೆಕೆಂಡ್ ಮಾಡಲು 1000000000ದಿಂದ ಇಂಟ್‌ನಲ್ಲಿ ಗುಣಿಸಿದರೆ 3 ಸೆಕೆಂಡ್‌ಗೇ ಅಂಕೆ ಮೀರುತ್ತದೆ. ಮಿಲಿಸೆಕೆಂಡ್‌ನಲ್ಲಿ ಲೆಕ್ಕ ಹಾಕಿದರೆ 25 ದಿನಗಳಿಗೆ ಮೀರುತ್ತದೆ. ಗುಣಿಸುವ ಮೊದಲೇ 64 ಬಿಟ್‌ಗೆ ಕಾಸ್ಟ್ ಮಾಡಿಕೊಳ್ಳಿ, ಅಂದರೆ ಸಂಖ್ಯೆಯ ಬಗೆಯನ್ನು ಬದಲಿಸಿಕೊಳ್ಳಿ.

ಪ್ರಶ್ನೆ: ಬೋರ್ಡ್ ಒಂದೂವರೆ ತಿಂಗಳು ಸರಿಯಾಗಿ ನಡೆದು, ಒಂದು ದಿನ ಇದ್ದಕ್ಕಿದ್ದಂತೆ ಹುಚ್ಚುಹುಚ್ಚಾಗಿ ವರ್ತಿಸಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಏಕೆ?

32 ಬಿಟ್‌ನ ಮಿಲಿಸೆಕೆಂಡ್ ಎಣಿಕೆ 4294967295 ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. ಅದಕ್ಕೆ ಹಿಡಿಯುವ ಕಾಲ 49 ದಿನ, 17 ಗಂಟೆ, 2 ನಿಮಿಷ ಮತ್ತು 47 ಸೆಕೆಂಡ್. ಎಣಿಕೆಯನ್ನು ಋಣ ಸಂಖ್ಯೆಯನ್ನೂ ಹಿಡಿಯುವ ಸೈನ್ಡ್ ಲಾಂಗ್‌ನಲ್ಲಿ ಇಟ್ಟಿದ್ದರೆ ಅದರ ಅರ್ಧಕ್ಕೇ, ಅಂದರೆ 24 ದಿನ 20 ಗಂಟೆಗೆ, ಸಂಖ್ಯೆ ಋಣವಾಗುತ್ತದೆ. ಮೈಕ್ರೊಸೆಕೆಂಡ್ ಎಣಿಕೆಯಾದರೆ 71 ನಿಮಿಷ 35 ಸೆಕೆಂಡ್‌ಗೆ ಒಂದು ಸುತ್ತು.

ಎಣಿಕೆ ಸೊನ್ನೆಗೆ ಮರಳುವುದು ತಪ್ಪಲ್ಲ. ಅದನ್ನು ಹೋಲಿಸುವ ರೀತಿಯಲ್ಲಿ ತಪ್ಪಿರುತ್ತದೆ. "ಈಗ > ಆರಂಭ + ಅವಧಿ" ಎಂದು ಬರೆದಿದ್ದರೆ ಅದನ್ನು ಅಳಿಸಿ "ಈಗ - ಆರಂಭ >= ಅವಧಿ" ಎಂದು ಬರೆಯಿರಿ. ಶಾಲೆಯ ಬೀಜಗಣಿತದ ಪ್ರಕಾರ ಎರಡೂ ಒಂದೇ ಎಂದು ಕಾಣುವುದರಿಂದ ಬಹಳ ಜನರು ಇದನ್ನು ನಂಬುವುದಿಲ್ಲ. ಸಂಖ್ಯೆ ಹಾಕಿ ನೋಡೋಣ. ಆರಂಭ 4294967000, ಅವಧಿ 1000 ಎಂದುಕೊಳ್ಳಿ. ಕೂಡಿಸಿದರೆ ಉತ್ತರ ಸುತ್ತು ಹೊಡೆದು 704 ಆಗುತ್ತದೆ, ಮರು ಮಿಲಿಸೆಕೆಂಡ್‌ನಲ್ಲಿ ಈಗ ಎಂಬುದು 4294967001. ಅದು 704ಕ್ಕಿಂತ ದೊಡ್ಡದಾದ್ದರಿಂದ ಒಂದು ಸೆಕೆಂಡ್ ಕಾಯಬೇಕಾದ ಟೈಮರ್ ತಕ್ಷಣ ಬಡಿಯುತ್ತದೆ. ಕಳೆಯುವ ರೀತಿಯಲ್ಲಾದರೆ, ಎಣಿಕೆ ಸುತ್ತಿ ಬಂದು 704 ಆದಾಗ, 704ರಿಂದ 4294967000 ಕಳೆದರೆ ಅನ್‌ಸೈನ್ಡ್ ಲೆಕ್ಕದಲ್ಲಿ ಸರಿಯಾಗಿ 1000 ಉಳಿಯುತ್ತದೆ. ಅನ್‌ಸೈನ್ಡ್ ಅಂಕಗಣಿತ ಗಡಿಯಾರದ ಮುಖದಂತೆ ಸುತ್ತುತ್ತದೆ ಎಂಬುದು ಸಿ ಭಾಷೆಯ ಮಾನಕವೇ ಕೊಟ್ಟಿರುವ ಮಾತು. ಸೈನ್ಡ್ ಸಂಖ್ಯೆಗಳಿಗೆ ಅಂತಹ ಯಾವ ಭರವಸೆಯೂ ಇಲ್ಲ, ಅಲ್ಲಿ ಅಂಕೆ ಮೀರಿದರೆ ಕಂಪೈಲರ್ ಏನು ಬೇಕಾದರೂ ಮಾಡಬಹುದು.

ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ಹೇಳಬೇಕು. ಹೊಲದ ಬೋರ್ಡ್‌ಗಳಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವು ತಾಸು ಮಾತ್ರ ಇರುತ್ತದೆ. ಕರೆಂಟ್ ಹೋದಾಗಲೆಲ್ಲ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಈ ದೋಷ ವರ್ಷಗಟ್ಟಲೆ ಕಾಣಿಸಿಕೊಳ್ಳುವುದಿಲ್ಲ. ಅದೇ ಬೋರ್ಡನ್ನು ಸೋಲಾರ್ ಬ್ಯಾಟರಿಗೆ ಅಥವಾ ಕಾರ್ಖಾನೆಯ ಯುಪಿಎಸ್‌ಗೆ ಜೋಡಿಸಿದ ಮೇಲೆ 50ನೆಯ ದಿನ ದೂರು ಬರುತ್ತದೆ. "ಹೊಲದಾಗ ಮೂರ ವರ್ಷ ನಡದದ ಸರ, ಕೋಡ್ ಸರಿ ಅದ" ಎಂದು ಹೇಳುವ ಹುಡುಗರಿಗೆ ನಾನು ಕೊಡುವ ಉತ್ತರ: ಕೋಡನ್ನು ಮೂರು ವರ್ಷ ಕಾಪಾಡಿದ್ದು ಲೋಡ್ ಶೆಡ್ಡಿಂಗ್.

ಪ್ರಶ್ನೆ: ಸರಿಪಡಿಸಿದ್ದೇನೆ. ಆದರೆ ಪರೀಕ್ಷಿಸಲು 50 ದಿನ ಕಾಯಬೇಕೇ?

ಬೇಡ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸದೆ, ಸುತ್ತುವುದಕ್ಕೆ ಒಂದೆರಡು ನಿಮಿಷ ಮೊದಲಿನ ಸಂಖ್ಯೆಯಿಂದ ಆರಂಭಿಸಿ. ಲಿನಕ್ಸ್ ಕರ್ನಲ್ ಮಾಡುವುದೂ ಇದನ್ನೇ: ಅದರ ಜಿಫ್ಫೀಸ್ ಎಂಬ ಎಣಿಕೆ, 32 ಬಿಟ್‌ನ ಮಟ್ಟಿಗೆ, ಕಂಪ್ಯೂಟರ್ ಆನ್ ಆದ 5 ನಿಮಿಷಕ್ಕೆ ಸುತ್ತುವಂತೆ ಬೇಕೆಂದೇ ಹೊಂದಿಸಲಾಗಿದೆ, ತಪ್ಪು ಬರೆದ ಡ್ರೈವರ್ ಅದನ್ನು ಬರೆದವನ ಮೇಜಿನ ಮೇಲೆಯೇ ಸಿಕ್ಕಿಬೀಳಲಿ ಎಂದು. ಈ ಮುಂಜಾಗ್ರತೆ ಇಲ್ಲದೆ ವಿಂಡೋಸ್ 95 ಮತ್ತು 98 ಕಂಪ್ಯೂಟರ್‌ಗಳು 49.7 ದಿನ ನಿರಂತರ ನಡೆದ ಮೇಲೆ ಸ್ತಬ್ಧವಾಗುತ್ತಿದ್ದವು. ಬೋಯಿಂಗ್ 787 ವಿಮಾನಗಳನ್ನು 248 ದಿನ ನಿರಂತರವಾಗಿ ಆನ್ ಇಟ್ಟರೆ ಜನರೇಟರ್ ನಿಯಂತ್ರಣದ ಎಣಿಕೆ ಅಂಕೆ ಮೀರಿ ವಿದ್ಯುತ್ ನಿಲ್ಲಬಹುದು ಎಂದು ಅಮೆರಿಕದ ವಿಮಾನಯಾನ ಇಲಾಖೆ 2015ರಲ್ಲಿ ಆದೇಶ ಹೊರಡಿಸಿತ್ತು. ಸೆಕೆಂಡಿನ ನೂರನೆಯ ಒಂದು ಭಾಗವನ್ನು 32 ಬಿಟ್‌ನ ಸೈನ್ಡ್ ವೇರಿಯಬಲ್‌ನಲ್ಲಿ ಎಣಿಸಿದರೆ ಅದು ತುಂಬುವುದು ಸುಮಾರು 248 ದಿನ 13 ಗಂಟೆಗೆ ಎಂಬುದನ್ನು ನೀವೇ ಭಾಗಿಸಿ ನೋಡಬಹುದು.

ಪ್ರಶ್ನೆ: ಕಳೆಯುವ ಸೂತ್ರವನ್ನೇ ಬಳಸಿದ್ದೇನೆ. ಹಳೆಯ 8 ಬಿಟ್ ಚಿಪ್‌ನಲ್ಲಿ ಸರಿ ಇದ್ದದ್ದು 32 ಬಿಟ್ ಚಿಪ್‌ಗೆ ಹಾಕಿದ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ.

ನಿಮ್ಮ ಎಣಿಕೆ 16 ಬಿಟ್‌ನದಾಗಿರಬೇಕು. ಇಂಟ್‌ಗಿಂತ ಚಿಕ್ಕ ವೇರಿಯಬಲ್‌ಗಳನ್ನು ಸಿ ಭಾಷೆ ಲೆಕ್ಕ ಮಾಡುವ ಮೊದಲು ಇಂಟ್‌ಗೆ ಏರಿಸುತ್ತದೆ. 32 ಬಿಟ್ ಚಿಪ್‌ನಲ್ಲಿ ಆ ಇಂಟ್ ಸೈನ್ಡ್. ಈಗ 5, ಆರಂಭ 65530 ಇದ್ದಾಗ ನಿಮಗೆ ಬೇಕಾದ ಉತ್ತರ 11, ಸಿಗುವ ಉತ್ತರ ಮೈನಸ್ 65525. ಅವಧಿ 10 ಇದ್ದರೆ ಆ ಷರತ್ತು ಎಂದಿಗೂ ಈಡೇರುವುದಿಲ್ಲ. ಕಳೆದ ಉತ್ತರವನ್ನು ಪುನಃ 16 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ, ನಂತರ ಹೋಲಿಸಿ. ಸಾಧ್ಯವಿದ್ದರೆ ಎಣಿಕೆಯನ್ನೇ 32 ಬಿಟ್ ಮಾಡಿಬಿಡಿ. ಎರಡು ಬೈಟ್ ಉಳಿಸುವ ಕಾಲ ಮುಗಿದಿದೆ.

ಪ್ರಶ್ನೆ: ಟೈಮರ್ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ. ಎಲ್ಲೋ ಒಮ್ಮೆ ಕಾರಣವಿಲ್ಲದೆ ತಕ್ಷಣ ಬಡಿಯುತ್ತದೆ. ವೇರಿಯಬಲ್‌ಗೆ ವೊಲಟೈಲ್ ಕೂಡ ಹಾಕಿದ್ದೇನೆ.

ಪ್ರತಿ ಸಲ ಮೆಮೊರಿಯಿಂದಲೇ ಹೊಸದಾಗಿ ಓದು ಎಂದು ಕಂಪೈಲರ್‌ಗೆ ಹೇಳುವ ವೊಲಟೈಲ್ ಬೇಕು, ಆದರೆ ಅಷ್ಟೇ ಸಾಲದು. 8 ಬಿಟ್ ಚಿಪ್ ನಾಲ್ಕು ಬೈಟ್‌ನ ಎಣಿಕೆಯನ್ನು ಒಂದೊಂದೇ ಬೈಟ್‌ನಂತೆ ಓದುತ್ತದೆ. ಎಣಿಕೆ 255 ಇದ್ದಾಗ ಮೇಲಿನ ಬೈಟ್‌ಗಳನ್ನು ಓದಿ ಸೊನ್ನೆ ಎಂದು ಇಟ್ಟುಕೊಂಡಿತು ಎನ್ನಿ. ಅಷ್ಟರಲ್ಲಿ ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ಕರೆ) ಬಂದು ಎಣಿಕೆಯನ್ನು 256 ಮಾಡಿತು. ಆಮೇಲೆ ಕೆಳಗಿನ ಬೈಟ್ ಓದಿದರೆ ಅದೂ ಸೊನ್ನೆ. 255 ಅಲ್ಲ, 256 ಅಲ್ಲ, ಕೈಗೆ ಬಂದದ್ದು 0. ಇದರಿಂದ ಆರಂಭವನ್ನು ಕಳೆದರೆ ನಾಲ್ಕು ನೂರು ಕೋಟಿಗೂ ಮಿಕ್ಕಿದ ಅವಧಿ ಬರುತ್ತದೆ, ಟೈಮರ್ ಬಡಿಯುತ್ತದೆ. ಕೆಳಗಿನಿಂದ ಓದುವ ಕ್ರಮವಿದ್ದರೆ 511 ಬರುತ್ತದೆ, ಅದೂ ತಪ್ಪೇ. ಓದುವ ಮೊದಲು ಇಂಟರಪ್ಟ್ ನಿಲ್ಲಿಸಿ, ನಕಲು ತೆಗೆದುಕೊಂಡು, ಮೊದಲು ಹೇಗಿತ್ತೋ ಆ ಸ್ಥಿತಿಗೆ ಮರಳಿಸಿ. ಆರ್ಡುಯಿನೊದಲ್ಲಿ ಮಿಲಿಸೆಕೆಂಡ್ ಎಣಿಕೆ ಕೊಡುವ ಮಿಲಿಸ್ ಫಂಕ್ಷನ್ ಇದನ್ನು ಒಳಗೇ ಮಾಡಿಕೊಳ್ಳುತ್ತದೆ. ಸ್ವಂತ ಎಣಿಕೆ ಬರೆದವರು ತಾವೇ ಮಾಡಬೇಕು.

ಪ್ರಶ್ನೆ: ಪ್ರತಿ ಸೆಕೆಂಡ್‌ಗೆ ಎಲ್‌ಇಡಿ ಮಿನುಗಲೆಂದು ಮಿಲಿಸ್ % 1000 == 0 ಎಂದು ಬರೆದರೆ ಕೆಲವು ಮಿನುಗು ತಪ್ಪುತ್ತವೆ.

16 ಮೆಗಾಹರ್ಟ್ಸ್ ಬೋರ್ಡ್‌ನಲ್ಲಿ ಆ ಎಣಿಕೆ ನಿಜವಾಗಿ 1.024 ಮಿಲಿಸೆಕೆಂಡ್‌ಗೊಮ್ಮೆ ಏರುತ್ತದೆ, ಹಿಂದುಳಿದದ್ದನ್ನು ತುಂಬಲು ಸುಮಾರು 42 ಮಿಲಿಸೆಕೆಂಡ್‌ಗೊಮ್ಮೆ ಒಂದು ಅಂಕಿಯನ್ನು ಹಾರಿಸುತ್ತದೆ. ಹಾರಿದ ಅಂಕಿ ನಿಮ್ಮದೇ ಆಗಿರಬಹುದು. ಸಮಯವನ್ನು == ಚಿಹ್ನೆಯಿಂದ ಹೋಲಿಸಬೇಡಿ.

ಪ್ರಶ್ನೆ: ನಾನೇ ಹೊಂದಿಸಿದ 1 ಮಿಲಿಸೆಕೆಂಡ್ ಇಂಟರಪ್ಟ್ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿದೆ. ಕ್ರಿಸ್ಟಲ್ ಕಳಪೆಯೇ?

ಚಿಪ್‌ಗೆ ಬಡಿತ ಕೊಡುವ ಸಾಮಾನ್ಯ ಕ್ರಿಸ್ಟಲ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪಿದರೂ ದಿನಕ್ಕೆ 2 ಸೆಕೆಂಡ್ ಕೂಡ ಆಗುವುದಿಲ್ಲ. ಟೈಮರ್ ಎಲ್ಲಿಯವರೆಗೆ ಎಣಿಸಬೇಕೆಂದು ಹೇಳುವ ಕಂಪೇರ್ ರಿಜಿಸ್ಟರ್‌ನಲ್ಲಿ 250 ಇದೆಯೇ ನೋಡಿ. 16 ಮೆಗಾಹರ್ಟ್ಸನ್ನು 64ರಿಂದ ಭಾಗಿಸಿದರೆ ಸೆಕೆಂಡ್‌ಗೆ 2,50,000 ಬಡಿತ, ಮಿಲಿಸೆಕೆಂಡ್‌ಗೆ 250 ಎಂಬ ಲೆಕ್ಕ ಸರಿ; ಆದರೆ ಟೈಮರ್ ಸೊನ್ನೆಯಿಂದ ಎಣಿಸುವುದರಿಂದ 0ಯಿಂದ 250ರವರೆಗೆ 251 ಬಡಿತಗಳಾಗುತ್ತವೆ. ಪ್ರತಿ ಮಿಲಿಸೆಕೆಂಡ್ 1.004 ಆಗಿ, 24 ತಾಸಿಗೆ 5 ನಿಮಿಷ 44 ಸೆಕೆಂಡ್ ಹಿಂದೆ ಬೀಳುತ್ತದೆ. ರಿಜಿಸ್ಟರ್‌ನಲ್ಲಿ 249 ಬರೆಯಿರಿ. ಇದಾದ ಮೇಲೂ ದಿನಕ್ಕೆ ನಿಮಿಷಗಟ್ಟಲೆ ವ್ಯತ್ಯಾಸವಿದ್ದರೆ ಬೋರ್ಡ್‌ನಲ್ಲಿರುವುದು ಕ್ರಿಸ್ಟಲ್ಲೋ ಸಿರಾಮಿಕ್ ರೆಸೊನೇಟರೋ ಪರೀಕ್ಷಿಸಿ. ಊನೊ ಆರ್3ರ ಮುಖ್ಯ ಚಿಪ್‌ಗೆ ಇರುವುದು ಎರಡನೆಯದು.

ಪ್ರಶ್ನೆ: ಲಿನಕ್ಸ್‌ನಲ್ಲಿ ಕ್ಲಾಕ್ ಫಂಕ್ಷನ್ ಬಳಸಿ ಅಳೆದರೆ 5 ಸೆಕೆಂಡ್‌ನ ಸ್ಲೀಪ್ ಸೊನ್ನೆ ಎಂದು ತೋರಿಸುತ್ತದೆ.

ಅದು ಪ್ರೋಗ್ರಾಂ ಪ್ರೊಸೆಸರನ್ನು ದುಡಿಸಿಕೊಂಡ ಕಾಲವನ್ನು ಹೇಳುತ್ತದೆ. ಮಲಗಿದ್ದ ಕಾಲ ಅದರಲ್ಲಿ ಸೇರುವುದಿಲ್ಲ. ಅವಧಿ ಅಳೆಯಲು ಕ್ಲಾಕ್ ಗೆಟ್‌ಟೈಮ್ ಫಂಕ್ಷನ್ ಬಳಸಿ, ಅದಕ್ಕೆ ಮೊನೊಟೋನಿಕ್ ಗಡಿಯಾರವನ್ನು ಕೊಡಿ.

ಪ್ರಶ್ನೆ: ಮೊನೊಟೋನಿಕ್ ಏಕೆ? ರಿಯಲ್‌ಟೈಮ್ ಎಂಬ ಹೆಸರೇ ಚೆನ್ನಾಗಿದೆಯಲ್ಲ?

ಹೆಸರಿಗೆ ಮರುಳಾಗಬೇಡಿ; ರಿಯಲ್‌ಟೈಮ್ ಎಂಬುದು ಗಂಟೆ, ಮೊನೊಟೋನಿಕ್ ಎಂಬುದು ತಾಸು. ಬ್ಯಾಟರಿ ಇಲ್ಲದ ಅಗ್ಗದ ಲಿನಕ್ಸ್ ಬೋರ್ಡ್ ಆನ್ ಆದಾಗ ಅದರ ಗಂಟೆ 1970ರ ಜನವರಿ 1 ಆಗಿರಬಹುದು. ಇಂಟರ್‌ನೆಟ್ ಸಿಕ್ಕ ಕ್ಷಣ ಎನ್‌ಟಿಪಿ (ಇಂಟರ್‌ನೆಟ್‌ನಿಂದ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಅದನ್ನು ಇಂದಿನ ದಿನಾಂಕಕ್ಕೆ ಎಳೆಯುತ್ತದೆ. ಫೌಂಡ್ರಿಯೊಂದರ ಕುಲುಮೆಗೆ ಕೂರಿಸಿದ್ದ ನನ್ನದೇ ಬೋರ್ಡ್ ಹೀಗೆ ಅರ್ಧ ಶತಮಾನ ಹಾರಿ, 40 ನಿಮಿಷ ಕಾಯಿಸಬೇಕಾದ ಎರಕದ ಅಚ್ಚನ್ನು 2 ನಿಮಿಷಕ್ಕೇ "ಆಯಿತು" ಎಂದು ಘೋಷಿಸಿತ್ತು. ಅಲ್ಲಿನ ಮೇಸ್ತ್ರಿ ಕೈಯಿಂದಲೇ ಹೀಟರ್ ಮತ್ತೆ ಹಾಕಿದ್ದರಿಂದ ಮಾಲು ಉಳಿಯಿತು. ಲಿನಕ್ಸ್‌ನ ಮೊನೊಟೋನಿಕ್ ಗಡಿಯಾರ ಕಂಪ್ಯೂಟರ್ ಸಸ್ಪೆಂಡ್ ಆಗಿರುವಾಗ ಎಣಿಸುವುದಿಲ್ಲ. ಆ ಕಾಲವೂ ಬೇಕಿದ್ದರೆ ಬೂಟ್‌ಟೈಮ್ ಗಡಿಯಾರವಿದೆ. ಥ್ರೆಡ್‌ಗಳ ಕಂಡಿಷನ್ ವೇರಿಯಬಲ್ ಮೇಲೆ ಗಡುವು ಹಾಕಿ ಕಾಯುವವರು ಗಮನಿಸಿ: ಬೇರೆ ಹೇಳದಿದ್ದರೆ ಅದು ರಿಯಲ್‌ಟೈಮ್ ಗಡಿಯಾರವನ್ನೇ ಹಿಡಿಯುತ್ತದೆ.

ಪ್ರಶ್ನೆ: ಎರಡು ಟೈಮ್‌ಸ್ಪೆಕ್‌ಗಳನ್ನು (ಸೆಕೆಂಡ್ ಮತ್ತು ನ್ಯಾನೊಸೆಕೆಂಡ್‌ನ ಜೋಡಿ) ಕಳೆದಾಗ ನ್ಯಾನೊಸೆಕೆಂಡ್ ಋಣವಾಗಿ ಬರುತ್ತದೆ.

ಸಾಲ ತರಬೇಕು, ಪ್ರಾಥಮಿಕ ಶಾಲೆಯ ವ್ಯವಕಲನದಂತೆ. 10 ಸೆಕೆಂಡ್ 900000000 ನ್ಯಾನೊಸೆಕೆಂಡ್‌ನಿಂದ 11 ಸೆಕೆಂಡ್ 100000000 ನ್ಯಾನೊಸೆಕೆಂಡ್‌ವರೆಗೆ ಕಳೆದದ್ದು 0.2 ಸೆಕೆಂಡ್, ಎರಡು ಭಾಗಗಳನ್ನು ಬೇರೆಬೇರೆ ಕಳೆದು ಬಿಟ್ಟರೆ 1 ಸೆಕೆಂಡ್, ಮೈನಸ್ 800000000 ಎಂದು ಬರುತ್ತದೆ. ಋಣ ಬಂದರೆ ಸೆಕೆಂಡ್‌ನಿಂದ 1 ತೆಗೆದು ನ್ಯಾನೊಸೆಕೆಂಡ್‌ಗೆ 1000000000 ಸೇರಿಸಿ. ಕೂಡಿಸುವಾಗ ಇದರ ವಿರುದ್ಧ ಕ್ರಮ. ಸರಿಪಡಿಸದ ಬೆಲೆಯನ್ನು ನ್ಯಾನೊಸ್ಲೀಪ್‌ಗೆ ಕೊಟ್ಟರೆ ಅದು ಮಲಗುವುದೇ ಇಲ್ಲ, ದೋಷಸಂಖ್ಯೆ ಕೊಟ್ಟು ಮರಳುತ್ತದೆ. ಆ ದೋಷಸಂಖ್ಯೆಯನ್ನು ಯಾರೂ ನೋಡದಿದ್ದಾಗ ಲೂಪ್ ಪ್ರೊಸೆಸರನ್ನು ನೂರಕ್ಕೆ ನೂರು ತಿನ್ನುತ್ತ ಕೂರುತ್ತದೆ.

ಪ್ರಶ್ನೆ: ಮೋಟರ್ ಓಡಿದ ಅವಧಿಯನ್ನು ತೋರಿಸಿದರೆ 10 ನಿಮಿಷದ ಬದಲು 05:40:00 ಎಂದು ಬರುತ್ತದೆ.

ಇದು ಭಾರತದಲ್ಲಿ ಕುಳಿತು ಬರೆಯುವವರಿಗೆ ಮೀಸಲಾದ ತಪ್ಪು ಎನ್ನಬಹುದು. 600 ಸೆಕೆಂಡ್‌ನ ಅವಧಿಯನ್ನು ಲೋಕಲ್‌ಟೈಮ್ ಫಂಕ್ಷನ್‌ಗೆ ಕೊಟ್ಟಿದ್ದೀರಿ. ಅದು ಆ ಸಂಖ್ಯೆಯನ್ನು 1970ರ ಜನವರಿ 1ರ ಒಂದು ಗಳಿಗೆ ಎಂದು ತಿಳಿದು, ಭಾರತೀಯ ಕಾಲಮಾನದ 5 ಗಂಟೆ 30 ನಿಮಿಷವನ್ನು ಸೇರಿಸುತ್ತದೆ. ತಾಸನ್ನು ಗಂಟೆಯ ಫಂಕ್ಷನ್‌ಗೆ ಕೊಟ್ಟದ್ದರ ಫಲ. ಅವಧಿಯನ್ನು 3600 ಮತ್ತು 60ರಿಂದ ನೀವೇ ಭಾಗಿಸಿ. ಕಾಲಮಾನದ ಅಂತರವನ್ನು ಎಲ್ಲಿಯಾದರೂ ಪೂರ್ಣ ಗಂಟೆಗಳಲ್ಲಿ ಇಟ್ಟಿದ್ದರೆ ಅದನ್ನೂ ಬದಲಿಸಿ. 19800 ಸೆಕೆಂಡನ್ನು 3600ರಿಂದ ಇಂಟ್‌ನಲ್ಲಿ ಭಾಗಿಸಿದರೆ 5 ಉಳಿದು ಅರ್ಧ ಗಂಟೆ ಮಾಯವಾಗುತ್ತದೆ.

ಪ್ರಶ್ನೆ: ಸಮಯವನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ವೇರಿಯಬಲ್) ಇಡಬಹುದೇ?

ಬೇಡ. ಫ್ಲೋಟ್‌ನಲ್ಲಿ ಪೂರ್ಣಾಂಕಗಳು 16777216ರವರೆಗೆ ಮಾತ್ರ ಒಂದೊಂದಾಗಿ ಸಿಗುತ್ತವೆ; ಮಿಲಿಸೆಕೆಂಡ್‌ನಲ್ಲಿ ಅದು 4 ತಾಸು 40 ನಿಮಿಷಕ್ಕೂ ಕಡಿಮೆ. 1970ರಿಂದ ಎಣಿಸಿದ ಇಂದಿನ ಸೆಕೆಂಡ್ ಸಂಖ್ಯೆಯನ್ನು ಅದರಲ್ಲಿ ಇಟ್ಟರೆ ಗಡಿಯಾರ 128 ಸೆಕೆಂಡ್‌ಗೊಮ್ಮೆ ಹೆಜ್ಜೆ ಹಾಕುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ನಿಖರವಾಗಿ ಬರೆಯಲಾಗದು ಎಂಬುದು ಇನ್ನೊಂದು ತೊಂದರೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ 100 ತಾಸು ನಿರಂತರ ನಡೆದ ಮೇಲೆ, ಇದೇ ಚೂರು ಸೇರಿ ಸೇರಿ 0.34 ಸೆಕೆಂಡ್ ಆಗಿ, ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ಹಿಡಿಯಲಾಗಲಿಲ್ಲ; 28 ಸೈನಿಕರು ಸತ್ತರು. ಅಲ್ಲಿದ್ದದ್ದು ಫ್ಲೋಟ್ ಅಲ್ಲ, 24 ಬಿಟ್‌ಗೆ ಕತ್ತರಿಸಿದ ಭಿನ್ನರಾಶಿ, ಕಾಯಿಲೆ ಒಂದೇ. ಚಿಕ್ಕ ಮಾನದ ಪೂರ್ಣಾಂಕದಲ್ಲಿ ಎಣಿಸಿ, ತೋರಿಸುವಾಗ ಮಾತ್ರ ಭಾಗಿಸಿ.

ಪ್ರಶ್ನೆ: ಪ್ರತಿ ಸೆಕೆಂಡ್‌ಗೆ ಒಂದು ರೀಡಿಂಗ್ ತೆಗೆಯುತ್ತೇನೆ. ಸಂಜೆಯ ಹೊತ್ತಿಗೆ ಹಲವು ರೀಡಿಂಗ್ ಕಡಿಮೆ ಇರುತ್ತವೆ.

ಕೆಲಸ ಮುಗಿದ ಮೇಲೆ 1 ಸೆಕೆಂಡ್ ಮಲಗಿದರೆ ಪ್ರತಿ ಸುತ್ತಿಗೆ ಕೆಲಸದ ಕಾಲವೂ ಸೇರುತ್ತದೆ. ಮುಂದಿನ ಗಡುವನ್ನು "ಈಗ + ಅವಧಿ" ಎಂದು ಇಡದೆ "ಹಿಂದಿನ ಗಡುವು + ಅವಧಿ" ಎಂದು ಇಡಿ. ಲಿನಕ್ಸ್‌ನಲ್ಲಿ ಕ್ಲಾಕ್ ನ್ಯಾನೊಸ್ಲೀಪ್‌ಗೆ ಆ ಗಡುವನ್ನೇ ನೇರವಾಗಿ ಕೊಡಬಹುದು.

ಪ್ರಶ್ನೆ: 2038ರ ತೊಂದರೆ ನಮ್ಮಂತಹ ಸಣ್ಣ ಬೋರ್ಡ್‌ಗಳಿಗೂ ಇದೆಯೇ?

ದಿನಾಂಕವನ್ನು 32 ಬಿಟ್‌ನ ಸೈನ್ಡ್ ಸೆಕೆಂಡ್‌ನಲ್ಲಿ ಇಟ್ಟಿದ್ದರೆ ಇದೆ. 2038ರ ಜನವರಿ 19, ಮಂಗಳವಾರ ಬೆಳಿಗ್ಗೆ ನಮ್ಮ ಗಡಿಯಾರದ 8 ಗಂಟೆ 44 ನಿಮಿಷ 7 ಸೆಕೆಂಡ್ ಆದ ಮೇಲೆ ಆ ಸಂಖ್ಯೆ ತಿರುಗಿ 1901ಕ್ಕೆ ಹೋಗುತ್ತದೆ. ಇಂದು ಕೂರಿಸುವ ಸ್ಟಾರ್ಟರ್ ಪೆಟ್ಟಿಗೆ ಅಂದಿಗೂ ಹೊಲದಲ್ಲಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. 32 ಬಿಟ್ ಲಿನಕ್ಸ್‌ನಲ್ಲಿ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯ 2.34ನೆಯ ಆವೃತ್ತಿಯಿಂದ ಈಚೆಗೆ 64 ಬಿಟ್ ಸಮಯವನ್ನು ಕೇಳಿ ಪಡೆಯಬಹುದು. ಕೇಳದಿದ್ದರೆ ಹಳೆಯದೇ ಸಿಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ರಗಳೆ ಏಕೆ, ಗಡಿಯಾರ ನಡೆಸುವ ಒಂದು ಆರ್‌ಟಿಸಿ ಚಿಪ್ ಹಾಕಿಬಿಟ್ಟರೆ ಆಗದೇ?

ಬೆಳಿಗ್ಗೆ 6ಕ್ಕೆ ಶುರುವಾಗಬೇಕಾದ ಮೋಟರ್‌ಗೆ ಖಂಡಿತ ಹಾಕಿ. ಡಿಎಸ್ 3231 ಚಿಪ್ 0ಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ 2 ಪಿಪಿಎಂ ಒಳಗೆ ಇರುತ್ತದೆ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆಯೊಳಗೆ 40 ದಾಟುವುದರಿಂದ 3.5 ಪಿಪಿಎಂ ಎಂದು ಲೆಕ್ಕ ಹಿಡಿಯಿರಿ. ಎರಡು ತಾಸು ಓಡಿಸುವ ಕೆಲಸವನ್ನು ಮಾತ್ರ ಆ ಚಿಪ್‌ಗೆ ಒಪ್ಪಿಸಬೇಡಿ. ಮೋಟರ್ ಓಡುತ್ತಿರುವಾಗ ರೈತರ ಮಗ ಗುಂಡಿ ಒತ್ತಿ ಗಡಿಯಾರವನ್ನು ಹತ್ತು ನಿಮಿಷ ಹಿಂದೆ ಸರಿಸಿದರೆ ಎರಡು ತಾಸಿನ ಓಟ ಎರಡು ತಾಸು ಹತ್ತು ನಿಮಿಷ ಆಗುತ್ತದೆ, ಮಧ್ಯರಾತ್ರಿ ದಾಟುವ ಸರದಿಯಾದರೆ 1ರಿಂದ 23 ಕಳೆಯುವಾಗ ಲೆಕ್ಕವೇ ತಲೆಕೆಳಗಾಗುತ್ತದೆ. ಶುರು ಮಾಡುವ ಹೊತ್ತನ್ನು ಆರ್‌ಟಿಸಿ ಹೇಳಲಿ. ಅಲ್ಲಿಂದ ಮುಂದೆ ಮಿಲಿಸೆಕೆಂಡ್ ಎಣಿಕೆಯಿಂದ ಆರಂಭವನ್ನು ಕಳೆಯಿರಿ.